ಕ್ಯಾಪ್ಟನ್ ಜೇನ್‌ವೇ ಹುಟ್ಟುಹಬ್ಬಕ್ಕೆ ಹೋಗಿದ್ದು

ಇನ್ನೂ ಹುಟ್ಟದೇ ಇರುವ ಹೆಂಗಸಿನ ಹುಟ್ಟುಹಬ್ಬಕ್ಕೆ ಫ್ಲಾಸ್ಕಿನಲ್ಲಿ ಕಾಫಿ ತುಂಬಿಕೊಂಡು ಹೋದವರು ನಮ್ಮ ಮನೆತನದಲ್ಲಿ ನಾನು ಮತ್ತು ಅತ್ತಿಗೆ ಇಬ್ಬರೇ ಇರಬೇಕು. 2023ರ ಮೇ 20, ಶನಿವಾರ. ನಾವಿರುವ ಇಂಡಿಯಾನಾಪೊಲಿಸ್‌ನಿಂದ ಬ್ಲೂಮಿಂಗ್‌ಟನ್‌ಗೆ ಕಾರಿನಲ್ಲಿ ಒಂದು ಗಂಟೆಯ ಮೇಲೆ ಸ್ವಲ್ಪ. ಅತ್ತಿಗೆ ಹಿಂದಿನ ರಾತ್ರಿಯೇ ಚಿಕಾಗೋದಿಂದ ಬಂದಿದ್ದರು. ಅಣ್ಣ ಮತ್ತು ನಮ್ಮವರು ಐಪಿಎಲ್ ನೆಪ ಹೇಳಿ ಸೋಫಾ ಬಿಟ್ಟು ಏಳಲಿಲ್ಲ. ಒಳ್ಳೆಯದೇ ಆಯ್ತು.

ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ಕ್ಯಾಥ್ರಿನ್ ಜೇನ್‌ವೇ ಅಂದರೆ 'ಸ್ಟಾರ್ ಟ್ರೆಕ್: ವಾಯೇಜರ್' ಅನ್ನುವ ಟಿವಿ ಧಾರಾವಾಹಿಯ ಅಂತರಿಕ್ಷ ಹಡಗಿನ ಕ್ಯಾಪ್ಟನ್. 1995ರಿಂದ 2001ರವರೆಗೆ ಬಂದದ್ದು, ಒಟ್ಟು 172 ಕಂತು. ಕಥೆಯ ಪ್ರಕಾರ ಅವಳು ಹುಟ್ಟುವುದು 24ನೇ ಶತಮಾನದಲ್ಲಿ, ಇದೇ ಬ್ಲೂಮಿಂಗ್‌ಟನ್‌ನಲ್ಲಿ. ಧಾರಾವಾಹಿ ಕಟ್ಟಿದವರಲ್ಲಿ ಒಬ್ಬರಾದ ಜೆರಿ ಟೇಲರ್ ಓದಿದ್ದು ಇಲ್ಲಿನ ಇಂಡಿಯಾನಾ ಯೂನಿವರ್ಸಿಟಿಯಲ್ಲಿ. 2020ರ ಅಕ್ಟೋಬರ್‌ನಲ್ಲಿ ಊರಿನ ಅಭಿಮಾನಿಗಳು ಸೇರಿ ಅವಳದೊಂದು ಕಂಚಿನ ಪ್ರತಿಮೆ ನಿಲ್ಲಿಸಿದರು. ಸತ್ತವರಿಗೆ ಪ್ರತಿಮೆ ಮಾಡುವುದು ಗೊತ್ತು, ಹುಟ್ಟಲಿರುವವರಿಗೆ ಮಾಡಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ನನಗೆ ಈ ಹುಚ್ಚು ಹಿಡಿದದ್ದು 2009ರಲ್ಲಿ. ಮದುವೆಯಾಗಿ ಎಚ್-4 ವೀಸಾದಲ್ಲಿ, ಅಂದರೆ ಗಂಡನ ಕೆಲಸದ ವೀಸಾದ ಬಾಲ ಹಿಡಿದು, ಬಂದ ಹೊಸತು. ಕೆಲಸ ಮಾಡುವ ಹಾಗಿಲ್ಲ, ಕಾರು ಓಡಿಸಲು ಬರುವುದಿಲ್ಲ, ಹೊರಗೆ ಮೊಣಕಾಲುದ್ದ ಹಿಮ. ಲೈಬ್ರರಿಯಿಂದ ಡಿವಿಡಿ ತಂದು ನೋಡುತ್ತಾ ಕೂರುತ್ತಿದ್ದೆ. ಒಂದು ಹಡಗು ಮನೆಯಿಂದ 70,000 ಜ್ಯೋತಿರ್ವರ್ಷ ದೂರ ಹೋಗಿ ಬಿದ್ದಿದೆ. ವಾಪಸ್ ಬರಲು 75 ವರ್ಷ ಬೇಕು. ಮೊದಲ ಕಂತಿಗೇ ನಾನು ಅತ್ತುಬಿಟ್ಟಿದ್ದೆ. ಈಗ ಯೋಚಿಸಿದರೆ ನಮ್ಮ ಗ್ರೀನ್ ಕಾರ್ಡ್ ಸಾಲಿಗಿಂತ ಆ 75 ವರ್ಷವೇ ವಾಸಿ ಅನ್ನಿಸುತ್ತದೆ, ಅದು ಬೇರೆ ಮಾತು.

ಅತ್ತಿಗೆಗೆ ಈ ರೋಗ ಅಂಟಿಸಿದ್ದು ನಾನೇ. ಆದರೆ ಅವರು ಬೇರೆ ಪಕ್ಷ ಸೇರಿಬಿಟ್ಟರು.

ಪಕ್ಷ ಅಂದರೆ ಹೀಗೆ. ಜೇನ್‌ವೇ ಕೈಕೆಳಗಿನ ಫಸ್ಟ್ ಆಫೀಸರ್ ಚಕೋಟೆ. ಮೊದಲು ಬಂಡುಕೋರನಾಗಿದ್ದವನು, ಆಮೇಲೆ ಅವಳ ಬಲಗೈ. ಇಬ್ಬರ ನಡುವೆ ಏನೋ ಇದೆ. ಇದೆಯೋ ಇಲ್ಲವೋ ಅಂತ ಏಳು ಸೀಸನ್ ಎಳೆದು, ಕೊನೆಗೆ ಏನೂ ಮಾಡದೆ ಕೈತೊಳೆದುಕೊಂಡರು. ಇಂಥ ಜೋಡಿ ಒಂದಾಗಲಿ ಅಂತ ಹಟ ಹಿಡಿದವರಿಗೆ ಶಿಪ್ಪರ್ ಅನ್ನುತ್ತಾರೆ. ರಿಲೇಶನ್‌ಶಿಪ್ ಅನ್ನುವ ಮಾತಿನ ಬಾಲದಿಂದ ಬಂದ ಪದ, 'ಎಕ್ಸ್-ಫೈಲ್ಸ್' ಧಾರಾವಾಹಿಯ ಅಭಿಮಾನಿಗಳು ಬಳಕೆಗೆ ತಂದದ್ದು. ನಾನು ಶಿಪ್ಪರ್. ಅತ್ತಿಗೆ ಅಲ್ಲ.

ಪ್ರತಿಮೆ ಇರುವುದು ಬಿ-ಲೈನ್ ಟ್ರೇಲ್ ಪಕ್ಕ. ಹಳೆಯ ರೈಲು ಹಳಿ ಕಿತ್ತು ಮಾಡಿದ ನಡಿಗೆಯ ದಾರಿ ಅದು. ವಂಡರ್‌ಲ್ಯಾಬ್ ಅಂತ ಮಕ್ಕಳ ವಿಜ್ಞಾನ ಮ್ಯೂಸಿಯಂ ಇದೆ, ಅದರ ಹತ್ತಿರ. ನಾವು ಹೋದಾಗ ಅರವತ್ತು ದಾಟಿದ ಗಂಡಹೆಂಡತಿ ಅಲ್ಲಿ ನಿಂತಿದ್ದರು. ಆಕೆ ಜೇನ್‌ವೇ ಥರ ಕೆಂಪು ಹೆಗಲಿನ ಯೂನಿಫಾರಂ ಹಾಕಿದ್ದರು. ಆತ ಸುಮ್ನೆ ಟೋಪಿ.

ನಾನು ಫ್ಲಾಸ್ಕ್ ತೆಗೆದು ಲೋಟಕ್ಕೆ ಬಗ್ಗಿಸಿ ಪ್ರತಿಮೆಯ ಮುಂದೆ ಇಟ್ಟೆ. ಕಾಫಿ ಮುಗಿಯಿತು ಅಂತ ಹಡಗನ್ನೇ ನೆಬ್ಯುಲಾ ಅನ್ನುವ ಬಾಹ್ಯಾಕಾಶದ ಅನಿಲದ ಮೋಡದೊಳಗೆ ನುಗ್ಗಿಸಲು ಹೊರಟವಳು ಜೇನ್‌ವೇ. ಹೂವಿಗಿಂತ ಇದೇ ಸರಿ ಅಂದುಕೊಂಡಿದ್ದೆ.

"ಅಯ್ಯೋ ಮಾರಾಯ್ತಿ, ಅವಳು ಕುಡಿಯೋದು ಹಾಲಿಲ್ಲದ ಕಾಫಿ. ನೀನು ಫಿಲ್ಟರ್ ಕಾಫಿಗೆ ಅರ್ಧ ಹಾಲು ಸುರಿದು ತಂದಿದ್ದೀಯಲ್ಲ," ಅಂದರು ಅತ್ತಿಗೆ.

ಆ ಹೆಂಗಸಿಗೆ ಕನ್ನಡ ಬರದಿದ್ದರೂ ವಿಷಯ ಅರ್ಥವಾಗಿ ನಗತೊಡಗಿದರು. ಮಾತು ಶುರುವಾಯಿತು. ಐದೇ ನಿಮಿಷದಲ್ಲಿ ಆಕೆ ಕೇಳಿದ್ದು ಅದೇ ಪ್ರಶ್ನೆ. ನೀವು ಯಾವ ಕಡೆ?

ಆಕೆ ನನ್ನ ಕಡೆಯವರೇ. 1996ರ ಮೇ ತಿಂಗಳಲ್ಲಿ 'ರೆಸಲ್ಯೂಷನ್ಸ್' ಕಂತು ಬಂದ ರಾತ್ರಿ ವಿಎಚ್‌ಎಸ್ ಟೇಪಿಗೆ ಹಿಡಿದಿಟ್ಟು, ಟೇಪು ಸವೆಯುವವರೆಗೆ ನೋಡಿದವರಂತೆ. ಆ ಕಂತು ನಮ್ಮ ಪಕ್ಷದ ಪುರಾಣ ಇದ್ದ ಹಾಗೆ. ಯಾವುದೋ ಗ್ರಹದಲ್ಲಿ ಹುಳ ಕಚ್ಚಿ ಜೇನ್‌ವೇ, ಚಕೋಟೆ ಇಬ್ಬರಿಗೂ ಕಾಯಿಲೆ ಹತ್ತುತ್ತದೆ. ಆ ಗ್ರಹ ಬಿಟ್ಟರೆ ಬದುಕುವುದಿಲ್ಲ. ಹಡಗು ಅವರನ್ನು ಅಲ್ಲೇ ಬಿಟ್ಟು ಹೊರಡುತ್ತದೆ. ಅವಳು ಮದ್ದು ಹುಡುಕುತ್ತಾ ಕೂರುತ್ತಾಳೆ. ಅವನು ಮನೆ ಕಟ್ಟುತ್ತಾ ಕೂರುತ್ತಾನೆ. ಅವಳಿಗೆ ಬಿಸಿನೀರಿನ ಸ್ನಾನ ಇಷ್ಟ ಅಂತ ಕೈಯಾರೆ ಒಂದು ಮರದ ತೊಟ್ಟಿ ಮಾಡಿ ಹೊರಗಡೆ ಇಡುತ್ತಾನೆ. ಆಮೇಲೆ ಒಂದು ದಿನ ಮೇಜಿನ ಮುಂದೆ ಕೂತು ಕಥೆ ಹೇಳುತ್ತಾನೆ. ಸಿಟ್ಟಿನ ಯೋಧನೊಬ್ಬ ಒಬ್ಬ ಹೆಂಗಸಿನ ಜೊತೆ ನಿಂತು ನೆಮ್ಮದಿ ಕಂಡುಕೊಂಡ ಕಥೆ. ನಿಮ್ಮ ಜನರ ಹಳೇ ಕಥೆಯಾ ಅಂತ ಅವಳು ಕೇಳಿದರೆ, ಅಲ್ಲ, ಹೀಗೆ ಹೇಳಿದರೆ ಹೇಳುವುದು ಸುಲಭ ಅನ್ನುತ್ತಾನೆ. ಬೆರಳಿಗೆ ಬೆರಳು ಹೆಣೆದುಕೊಳ್ಳುತ್ತದೆ. ಅಷ್ಟೇ. ಸ್ವಲ್ಪ ದಿನಕ್ಕೆ ಹಡಗು ಔಷಧ ತರುತ್ತದೆ. ಇಬ್ಬರೂ ಯೂನಿಫಾರಂ ಹಾಕಿಕೊಂಡು, ಏನೂ ಆಗೇ ಇಲ್ಲದವರ ಹಾಗೆ ಹಡಗು ನಡೆಸುವ ಕೋಣೆಯಲ್ಲಿ ನಿಂತು ಹಡಗಿನ ವರದಿ ಮಾತಾಡುತ್ತಾರೆ.

"ಅದೇ ಸರಿ," ಅಂದರು ಅತ್ತಿಗೆ. ಅವರು ಆಫೀಸಿನಲ್ಲಿ ಹನ್ನೆರಡು ಜನರ ತಂಡ ನಡೆಸುವವರು. "ಸುಮಾರು 150 ಜನರ ಜೀವ ಅವಳ ಕೈಲಿದೆ. ನಾಳೆ ಅವನನ್ನೇ ಸಾಯೋಕೆ ಕಳಿಸಬೇಕಾಗಿ ಬಂದರೆ?"

ಟೋಪಿಯವರು ತಲೆಯಾಡಿಸಿದರು. ಜೇನ್‌ವೇ ಪಾತ್ರ ಮಾಡಿದ ಕೇಟ್ ಮಲ್ಗ್ರೂ ಕೂಡ ಕ್ಯಾಪ್ಟನ್‌ಗೆ ಹಡಗಿನೊಳಗೆ ಪ್ರೇಮ ಬೇಡ ಅಂದವರೇ ಅಲ್ವಾ ಅಂದರು. ನಿಜ. ಅದು ನಮ್ಮ ಪಕ್ಷದ ದೊಡ್ಡ ಹಿನ್ನಡೆ. ಯೂನಿಫಾರಂ ಹಾಕಿದ್ದಾಕೆ ಅಲ್ಲಿಗೇ ಗಂಡನ ಮೇಲೆ ತಿರುಗಿಬಿದ್ದರು. ಹಾಗಾದರೆ ಕೊನೆಯ ಕಂತಿನಲ್ಲಿ ಚಕೋಟೆಯನ್ನು ಅದೇ ಹಡಗಿನ ಸೆವೆನ್ ಆಫ್ ನೈನ್ ಅನ್ನುವ ಇನ್ನೊಬ್ಬಳಿಗೆ ಜೋಡಿ ಮಾಡಿದ್ದು ಯಾವ ನ್ಯಾಯ? ಆತನ ಬಳಿ ಉತ್ತರ ಇತ್ತು. ಅದೇ ಸೀಸನ್ನಿನಲ್ಲಿ ಸೆವೆನ್ ಚಕೋಟೆಯ ಹೋಲೋಗ್ರಾಮ್, ಅಂದರೆ ಬೆಳಕಿನ ನಕಲು, ಮಾಡಿಕೊಂಡು ಪ್ರೀತಿ ಕಲಿಯುವ ಕಂತು ಇದೆ. ಒಂದು ಕಂತು! ಅಂತ ಆಕೆ ಕೂಗಿದ್ದಕ್ಕೆ ಸೈಕಲ್ ಹುಡುಗನೊಬ್ಬ ನಿಂತು ನೋಡಿದ. ಈ ಗಂಡಹೆಂಡತಿ ಇದೇ ಜಗಳವನ್ನು 2001ರಿಂದ ಆಡುತ್ತಿದ್ದಾರೆ ಅನ್ನುವುದು ಮಾತಿನ ಲಯದಲ್ಲೇ ಗೊತ್ತಾಗುತ್ತಿತ್ತು.

ನಾನು ಗಡಿಯಾರದ ಮಾತು ತೆಗೆದೆ. ಮೇ 20 ಅನ್ನುವ ತಾರೀಖು ನಮಗೆ ಗೊತ್ತಾದದ್ದೇ ಆ ಗಡಿಯಾರದಿಂದ. 'ಇಯರ್ ಆಫ್ ಹೆಲ್' ಕಂತು, 1997. ಹಡಗು ಚಿಂದಿಯಾಗಿದೆ, ಊಟಕ್ಕೂ ಲೆಕ್ಕ. ಹುಟ್ಟುಹಬ್ಬ ಅಂತ ಚಕೋಟೆ ಅವಳಿಗೆ ಒಂದು ಜೇಬುಗಡಿಯಾರ ಕೊಡುತ್ತಾನೆ. ಹಿಂದಿನ ಕಾಲದ ಬ್ರಿಟಿಷ್ ನೌಕಾಪಡೆಯ ಕ್ಯಾಪ್ಟನ್ ಒಬ್ಬನ ಗಡಿಯಾರದ ನಕಲು. ಅವಳ ಮುಖ ಅರಳುತ್ತದೆ. ಮರುಕ್ಷಣ ವಾಪಸ್ ಕೊಡುತ್ತಾಳೆ. ಇದನ್ನು ಹಡಗಿನ ಯಂತ್ರದಲ್ಲಿ ಕರಗಿಸಿ ಬೇರೆ ವಸ್ತು ಮಾಡಿದರೆ ಒಬ್ಬರಿಗೆ ಒಂದು ಹೊತ್ತಿನ ಊಟವಾದೀತು, ಒಂದು ಜೊತೆ ಬೂಟಾದೀತು ಅಂತ.

"ನೋಡಿದ್ಯಾ? ಅದನ್ನೇ ನಾನು ಹೇಳೋದು," ಅಂದರು ಅತ್ತಿಗೆ.

"ಪೂರ್ತಿ ಹೇಳಿ ಅತ್ತಿಗೆ. ಆಮೇಲೆ ಅವನು ಹಡಗಿನಲ್ಲಿ ಇಲ್ಲದಾಗ ಆ ಗಡಿಯಾರ ಅವಳಿಗೆ ಸಿಗುತ್ತೆ. ಅವನು ಕರಗಿಸಿರಲಿಲ್ಲ. ಈ ಸಲ ಅವಳೂ ಕರಗಿಸಲಿಲ್ಲ, ಇಟ್ಕೊಂಡ್ಲು."

ಅತ್ತಿಗೆ ಸುಮ್ಮನಾದರು. ಆ ಕಂತಿನ ಕೊನೆಗೆ ಕಾಲವೇ ಹಿಂದಕ್ಕೆ ಹೋಗಿ ಆ ವರ್ಷ ನಡೆದೇ ಇಲ್ಲ ಎಂದಾಗುತ್ತದೆ. ಗಡಿಯಾರವೂ ಇಲ್ಲ. ಅದನ್ನು ನಾನು ಬೇಕಂತಲೇ ಹೇಳಲಿಲ್ಲ. ಅವರಿಗೂ ಗೊತ್ತಿತ್ತು, ಅವರೂ ಹೇಳಲಿಲ್ಲ.

ನನ್ನ ತಕರಾರು ಅವರಿಬ್ಬರನ್ನು ಯಾಕೆ ಕೂಡಿಸಲಿಲ್ಲ ಅಂತ ಅಲ್ಲ. ನಮ್ಮ ಮಲೆನಾಡಿನ ಮನೆಗಳಲ್ಲಿ ನಾಲಿಗೆಗೆ ಬಾರದ ಪ್ರೀತಿಯನ್ನು ನೋಡಿಕೊಂಡೇ ಬೆಳೆದವಳು ನಾನು. ಅಪ್ಪ ಅಮ್ಮನಿಗೆ ಪ್ರೀತಿ ಗೀತಿ ಅಂದದ್ದು ಯಾರೂ ಕೇಳಿಲ್ಲ. ಪ್ರತಿ ಬೆಳಗ್ಗೆ ಬಚ್ಚಲ ಒಲೆಗೆ ಬೆಂಕಿ ಹಾಕುತ್ತಿದ್ದವರು ಮಾತ್ರ ಅಪ್ಪ. ಹೇಳದೆ ಇದ್ದರೆ ನನಗೇನೂ ಇಲ್ಲ. ಇವರು ಹೇಳಿಕೊಂಡರಲ್ಲ? ಯೋಧನ ಕಥೆ ಹೇಳಿ, ಬೆರಳು ಹಿಡಿದು, ಆಮೇಲೆ ಐದು ಸೀಸನ್ ಆ ದಿನದ ಸುದ್ದಿಯನ್ನೇ ಎತ್ತಲಿಲ್ಲ. ಪಾತ್ರಗಳು ಬಾಯಿ ಮುಚ್ಚಿಕೊಂಡಿದ್ದರೆ ಒಪ್ಪುತ್ತಿದ್ದೆ. ಮರೆತದ್ದು ಬರೆಯುವವರು. ಇಷ್ಟನ್ನೂ ನನ್ನ ಇಂಗ್ಲಿಷಿನಲ್ಲಿ, ಬಚ್ಚಲ ಒಲೆಯ ಸಮೇತ, ಹೇಗೆ ಹೇಳಿದೆನೋ ನನಗೇ ಆಶ್ಚರ್ಯ. ಆಕೆ ನನ್ನ ಕೈ ಹಿಡಿದು ಅದುಮಿದರು. ಟೋಪಿಯವರು, ನಿಮ್ಮ ತಂದೆ ಒಳ್ಳೆಯ ಫಸ್ಟ್ ಆಫೀಸರ್ ಅಂದರು.

ಆಮೇಲೆ ಚಿತ್ರಾನ್ನದ ಡಬ್ಬಿ ತೆಗೆದೆವು. ಆತ ಎರಡು ಸಲ ಹಾಕಿಸಿಕೊಂಡರು, ಹಸಿಮೆಣಸಿನಕಾಯಿ ಕಡಿದು ಕಣ್ಣಲ್ಲಿ ನೀರು ತಂದುಕೊಂಡರು. ಪ್ರತಿಮೆಯ ಮುಂದಿನ ಕಾಫಿ ಆರಿ ಕೆನೆ ಕಟ್ಟಿತ್ತು. ಗಿಡದ ಬುಡಕ್ಕೆ ಚೆಲ್ಲಿ ಲೋಟ ಒರೆಸಿ ಚೀಲಕ್ಕೆ ಹಾಕಿಕೊಂಡೆ.

ವಾಪಸ್ ಬರುವಾಗ ಮಳೆ ಶುರುವಾಯಿತು. ಅತ್ತಿಗೆ ಬಹಳ ಹೊತ್ತು ಕಿಟಕಿಯ ಹೊರಗೆ ನೋಡುತ್ತಾ ಕೂತಿದ್ದರು. ನಿದ್ದೆ ಬಂತೇನೋ ಅಂದುಕೊಂಡೆ.

"ಅಲ್ಲಾ, ಹಡಗು ಬಂತು, ಇವರಿಬ್ಬರೂ ಹೊರಟ್ರು. ಆ ಸ್ನಾನದ ತೊಟ್ಟಿ ಏನಾಯ್ತು?"

"ಅಲ್ಲೇ ಇರಬೇಕು ಅತ್ತಿಗೆ."

"ಮರದ್ದಲ್ವಾ," ಅಂದರು. ವೈಪರ್ ನಾಲ್ಕು ಸಲ ಆಡಿತು. "ಮೇಲೊಂದು ಸೂರಾದ್ರೂ ಹಾಕಬಹುದಿತ್ತು ಅವನು."