ರಾಯಚೂರಿನಿಂದ ಬಳ್ಳಾರಿಗೆ, ಔಷಧದ ಜಾಡು ಹಿಡಿದು

ಬಳ್ಳಾರಿಯ ಔಷಧ ಪರೀಕ್ಷಾ ಪ್ರಯೋಗಾಲಯವನ್ನು ಕಣ್ಣಾರೆ ನೋಡಬೇಕೆಂಬುದು ನನ್ನ ಬಹಳ ದಿನಗಳ ಆಸೆಯಾಗಿತ್ತು. ರಾಜ್ಯ ಸರ್ಕಾರಕ್ಕೆ ಬೆಂಗಳೂರು ಮತ್ತು ಹುಬ್ಬಳ್ಳಿಯನ್ನು ಬಿಟ್ಟರೆ ಇಂಥ ಪ್ರಯೋಗಾಲಯ ಇರುವುದು ಅಲ್ಲಿಯೇ. ಫಾರ್ಮಸಿ ಕಾಲೇಜಿನಲ್ಲಿ ಪಾಠ ಹೇಳುವ ನನ್ನ ಜೊತೆಗೆ, ತಾಲ್ಲೂಕು ಆಸ್ಪತ್ರೆಯಲ್ಲಿ ಫಾರ್ಮಸಿ ಅಧಿಕಾರಿಯಾಗಿ ನಿವೃತ್ತರಾದ ಹಿರಿಯರೊಬ್ಬರು ಹೊರಟರು. ಅನುಮತಿ ಮೊದಲೇ ಸಿಕ್ಕಿತ್ತು. ಏಪ್ರಿಲ್ ತಿಂಗಳಾದ್ದರಿಂದ ರಾಯಚೂರನ್ನು ಬೆಳಿಗ್ಗೆಯೇ ಬಿಟ್ಟೆವು.

ಮಾನ್ವಿ ದಾಟಿ ಸಿಂಧನೂರು ತಲುಪುವಷ್ಟರಲ್ಲಿ ಬಿಸಿಲು ಏರಿತ್ತು. ಪರಿಚಯದ ಮೆಡಿಕಲ್ ಸ್ಟೋರ್ಸ್ ಒಂದರ ಮುಂದೆ ಆಗಷ್ಟೇ ಇಳಿಸಿದ ರಟ್ಟಿನ ಪೆಟ್ಟಿಗೆಗಳು ಬಯಲಲ್ಲೇ ಇದ್ದವು; ಒಂದರ ಮೇಲೆ 30 ಡಿಗ್ರಿ ಸೆಲ್ಸಿಯಸ್ ಮೀರದ ಜಾಗದಲ್ಲಿ ಇಡಬೇಕೆಂದು ಅಚ್ಚಾಗಿತ್ತು. ಹಿರಿಯರು ಪೆಟ್ಟಿಗೆಯನ್ನು ಮುಟ್ಟಿ ನೋಡಿ, "ತಮ್ಮಾ, ಇವನ್ನ ಮೊದ್ಲು ಒಳಗ ಇಡಸು" ಎಂದರು. "ಇಡಸ್ತೀನ್ರಿ ಸರ್, ಆದ್ರ ಒಳಗೂ ಏನ್ ತಂಪಿಲ್ರಿ" ಎಂದ ಅಂಗಡಿಯ ಹುಡುಗ. ಅವನು ಹೇಳಿದ್ದು ನಿಜ.

ಔಷಧ ಎಷ್ಟು ಕಾಲ ಕೆಡದೆ ಉಳಿಯುತ್ತದೆ ಎಂಬುದನ್ನು ಯುರೋಪಿನಂಥ ಸೀಮೆಗಳಿಗಾಗಿ 25 ಡಿಗ್ರಿ ಉಷ್ಣತೆ ಮತ್ತು ಶೇ. 60ರಷ್ಟು ತೇವಾಂಶದಲ್ಲಿಟ್ಟು ನೋಡುತ್ತಾರೆ. ಆಗ್ನೇಯ ಏಷ್ಯಾದ ಆಸಿಯಾನ್ ದೇಶಗಳು 2004ರಲ್ಲಿ ಒಟ್ಟಾಗಿ ಕುಳಿತು, ತಮ್ಮಲ್ಲಿ ಮಾರುವ ಔಷಧವನ್ನು 30 ಡಿಗ್ರಿ ಮತ್ತು ಶೇ. 75ರಷ್ಟು ತೇವಾಂಶದಲ್ಲಿ ಪರೀಕ್ಷಿಸಿರಬೇಕೆಂದು ತೀರ್ಮಾನಿಸಿದವು. ಸಣ್ಣ ದೇಶವೊಂದು ಒಂಟಿಯಾಗಿ ಹೀಗೆ ಕೇಳಿದ್ದರೆ ಕಂಪನಿಗಳು ಆ ಮಾರುಕಟ್ಟೆಯ ಸಹವಾಸವೇ ಬೇಡವೆಂದು ಬಿಟ್ಟುಬಿಡಬಹುದಿತ್ತು. ಇಡೀ ಪ್ರದೇಶವೇ ಒಂದು ಮಾತು ಆಡಿದರೆ ಬಿಡುವುದು ಸುಲಭವಲ್ಲ.

ಸಿಂಧನೂರಿನಿಂದ ಮುಂದೆ ಎರಡೂ ಕಡೆ ಕೊಯ್ಲಾದ ಭತ್ತದ ಗದ್ದೆಗಳು. ಧಡೇಸೂಗೂರಿನ ಬಳಿ ತುಂಗಭದ್ರೆಯನ್ನು ದಾಟುವಾಗ ನಮ್ಮ ಮಾತು ಗ್ಯಾಂಬಿಯಾದ ಕಡೆ ಹೊರಳಿತ್ತು. 2022ರಲ್ಲಿ ಆ ಪುಟ್ಟ ದೇಶದಲ್ಲಿ ಸುಮಾರು 70 ಮಕ್ಕಳು ಮೂತ್ರಪಿಂಡ ಕೆಟ್ಟು ಸತ್ತರು. ಭಾರತದಲ್ಲಿ ತಯಾರಾದ ಸಿರಪ್‌ಗಳಲ್ಲಿ ಡೈಎಥಿಲೀನ್ ಗ್ಲೈಕಾಲ್ ಮತ್ತು ಎಥಿಲೀನ್ ಗ್ಲೈಕಾಲ್ ಎಂಬ ವಿಷಗಳಿವೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಆ ಅಕ್ಟೋಬರ್‌ನಲ್ಲಿ ಎಚ್ಚರಿಸಿತು. ಗ್ಯಾಂಬಿಯಾಕ್ಕೆ ಆಗ ಸ್ವಂತದ್ದೊಂದು ಔಷಧ ಪ್ರಯೋಗಾಲಯವೂ ಇರಲಿಲ್ಲ. ಸಿರಪ್‌ನಲ್ಲಿ ಏನಿದೆಯೆಂದು ತಿಳಿಯಲು ಮಾದರಿಗಳು ಹೊರದೇಶಕ್ಕೆ ಹೋಗಬೇಕಾಯಿತು. ಕೆಳ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ ಹತ್ತರಲ್ಲಿ ಒಂದು ಔಷಧ ಕಳಪೆ ಇಲ್ಲವೇ ನಕಲಿ ಎಂಬ ಅಂದಾಜನ್ನು ಅದೇ ಸಂಸ್ಥೆ 2017ರಲ್ಲಿ ಕೊಟ್ಟಿತ್ತು. ನಾನು ಈ ಸಂಖ್ಯೆಯನ್ನು ತರಗತಿಯಲ್ಲಿ ಹೇಳುವಾಗೆಲ್ಲ ವಿದ್ಯಾರ್ಥಿಗಳು ಒಂದು ಗಳಿಗೆ ಬರೆಯುವುದನ್ನು ನಿಲ್ಲಿಸುತ್ತಾರೆ.

ಬಡ ದೇಶಗಳು ಕೈಕಟ್ಟಿ ಕುಳಿತಿಲ್ಲ ಎಂಬುದನ್ನೂ ನಾನು ಅವರಿಗೆ ಹೇಳುತ್ತೇನೆ. ಕೀನ್ಯಾ, ಉಗಾಂಡ, ಟಾಂಜಾನಿಯ, ರುವಾಂಡ, ಬುರುಂಡಿ ದೇಶಗಳ ಪೂರ್ವ ಆಫ್ರಿಕಾ ಸಮುದಾಯ 2012ರಲ್ಲಿ ಒಂದು ಕಾರ್ಯಕ್ರಮ ಆರಂಭಿಸಿತು. ಔಷಧ ಮಾರಲು ಅನುಮತಿ ಕೋರಿ ಕಂಪನಿಯೊಂದು ಸಲ್ಲಿಸಿದ ಕಡತವನ್ನು ಈ ದೇಶಗಳ ತಜ್ಞರು ಒಟ್ಟಿಗೆ ಓದುತ್ತಾರೆ, ಕಾರ್ಖಾನೆಯ ತಪಾಸಣೆಗೂ ಒಟ್ಟಿಗೆ ಹೋಗುತ್ತಾರೆ. ಮರುವರ್ಷವೇ ಜಾಂಬಿಯಾ, ಜಿಂಬಾಬ್ವೆ, ಬೋಟ್ಸ್‌ವಾನಾ, ನಮೀಬಿಯಾಗಳು ತಮ್ಮದೇ ಕೂಟ ಕಟ್ಟಿಕೊಂಡವು. ಇಡೀ ಖಂಡಕ್ಕೊಂದು ಔಷಧ ಸಂಸ್ಥೆ ಬೇಕೆಂಬ ಆಫ್ರಿಕಾ ಒಕ್ಕೂಟದ ಒಪ್ಪಂದ 2021ರ ನವೆಂಬರ್‌ನಲ್ಲಿ ಜಾರಿಗೆ ಬಂತು. ಆ ಸಂಸ್ಥೆಯ ಕೇಂದ್ರ ಕಚೇರಿ ರುವಾಂಡದ ಕಿಗಾಲಿಯಲ್ಲಿದೆ.

ಸಿರುಗುಪ್ಪ, ತೆಕ್ಕಲಕೋಟೆ ಕಳೆದು ಬಳ್ಳಾರಿ ಸೇರಿದಾಗ ಮಧ್ಯಾಹ್ನವಾಗಿತ್ತು. ಪ್ರಯೋಗಾಲಯದಲ್ಲಿ ನನ್ನನ್ನು ಹೆಚ್ಚು ಹೊತ್ತು ಹಿಡಿದಿಟ್ಟದ್ದು ಮಾತ್ರೆ ಕರಗುವುದನ್ನು ನೋಡುವ ಯಂತ್ರ. 37 ಡಿಗ್ರಿಯ ನೀರಿನ ತೊಟ್ಟಿಯಲ್ಲಿ ಇಳಿಬಿಟ್ಟ ಆರು ಗಾಜಿನ ಪಾತ್ರೆಗಳು, ಪ್ರತಿಯೊಂದರಲ್ಲಿ ನಿಧಾನವಾಗಿ ತಿರುಗುವ ಒಂದು ಹುಟ್ಟು, ತಳದಲ್ಲಿ ಒಂದೊಂದು ಪ್ಯಾರಾಸಿಟಮಾಲ್ ಮಾತ್ರೆ. ಮೊದಲು ಅಂಚು ಮೆತ್ತಗಾಗಿ ಬಿಳಿಯ ಪುಡಿ ಏಳುತ್ತದೆ, ಆಮೇಲೆ ಮಾತ್ರೆ ಕುಸಿದು ತಳದಲ್ಲಿ ಸಣ್ಣ ದಿಬ್ಬವಾಗುತ್ತದೆ. ಗೊತ್ತಾದ ಹೊತ್ತಿಗೆ ಸಿರಿಂಜಿನಿಂದ ದ್ರಾವಣ ತೆಗೆದು ಅಳೆಯುತ್ತಾರೆ. ತೂಕ, ಬಣ್ಣ, ಹೊದಿಕೆ ಎಲ್ಲವೂ ಸರಿಯಿದ್ದು ಕರಗದೇ ಹೋಗುವ ಮಾತ್ರೆ ರೋಗಿಯ ಹೊಟ್ಟೆಯಲ್ಲಿ ಸುಮ್ಮನೆ ಹಾದುಹೋಗುತ್ತದೆ.

ರಕ್ತನಾಳಕ್ಕೆ ಹಾಕುವ ದ್ರಾವಣಗಳ ಕಥೆ ಬೇರೆ. ಅವುಗಳಲ್ಲಿ ಸೂಕ್ಷ್ಮಾಣುಗಳಿಲ್ಲವೆಂದು ಖಚಿತಪಡಿಸುವ ಪರೀಕ್ಷೆಗೇ 14 ದಿನ ಬೇಕು. ಅಷ್ಟು ದಿನ ಬಾಟಲಿಗಳು ವಾರ್ಡಿನಲ್ಲಿ ಖಾಲಿಯಾಗುತ್ತಲೇ ಇರುತ್ತವೆ.

ಬಳ್ಳಾರಿಯಲ್ಲಿ ನಿಂತು ಈ ಮಾತು ಕೇಳುವುದು ಕಷ್ಟವಾಯಿತು. 2024ರ ನವೆಂಬರ್‌ನಲ್ಲಿ ಇದೇ ಊರಿನಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡರು, ಸಂಶಯ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಮೇಲೆ ಬಿತ್ತು, ರಾಜ್ಯ ಸರ್ಕಾರ ಅದರ ಬಳಕೆಯನ್ನು ನಿಲ್ಲಿಸಿತು. ರಾಜ್ಯದ ಪ್ರಯೋಗಾಲಯ ಕಳಪೆ ಎಂದದ್ದನ್ನು ಕೇಂದ್ರದ ಪ್ರಯೋಗಾಲಯ ಸರಿಯಿದೆ ಎಂದಿತ್ತೆಂಬ ಸಂಗತಿಯೂ ಆಗ ಹೊರಬಂತು. 2025ರ ಜನವರಿಯಲ್ಲಿ ಪಶ್ಚಿಮ ಬಂಗಾಳದ ಮೇದಿನೀಪುರದಲ್ಲಿ ಬಾಣಂತಿಯೊಬ್ಬರು ತೀರಿಕೊಂಡಾಗ ಅದೇ ತಯಾರಕರ ದ್ರಾವಣದ ಮೇಲೆಯೇ ಸಂಶಯ ಬಂತು. ಐದು ದೇಶಗಳ ತಜ್ಞರು ಒಂದೇ ಕಡತ ಓದುವುದು ಸಾಧ್ಯವಿರುವಾಗ, ಒಂದೇ ದೇಶದ ಎರಡು ರಾಜ್ಯಗಳ ನಡುವೆ ಇಷ್ಟು ಅಂತರವೇಕೆ ಎಂದು ನಾನು ಕೇಳಲೇಬೇಕು. ಅದೇ ವರ್ಷ ಕೆಮ್ಮಿನ ಸಿರಪ್ ಕುಡಿದು ಮಧ್ಯಪ್ರದೇಶದ ಮಕ್ಕಳು ಸತ್ತಾಗ, ಆ ರಾಜ್ಯದಿಂದ ಪತ್ರ ಬಂದ ಕೂಡಲೇ ತಮಿಳುನಾಡಿನ ಅಧಿಕಾರಿಗಳು ಕಾರ್ಖಾನೆಗೆ ಹೋಗಿ ಮಾದರಿ ತೆಗೆದು, ಕೆಲವೇ ದಿನಗಳಲ್ಲಿ ಶೇ. 48.6ರಷ್ಟು ಡೈಎಥಿಲೀನ್ ಗ್ಲೈಕಾಲ್ ಇರುವುದನ್ನು ಪತ್ತೆ ಮಾಡಿದರು. ಮನಸ್ಸಿದ್ದರೆ ಆಗುತ್ತದೆ.

ಸಂಜೆ ಬಸ್ಸಿಗೆ ಕಾಯುತ್ತಾ ಹಿರಿಯರು ತಮ್ಮ ಸೇವೆಯ ದಿನಗಳ ಒಂದು ತೊಡಕನ್ನು ಹೇಳಿದರು. ರಾಯಚೂರಿನ ಅಂಗಡಿಗಳಿಗೆ ಹೈದರಾಬಾದಿನ ಸಗಟು ವ್ಯಾಪಾರಿಗಳಿಂದಲೂ ಮಾಲು ಬರುತ್ತದೆ, ಬಳ್ಳಾರಿಗೆ ಆಂಧ್ರದ ಗಡಿ ಕೂಗಳತೆಯಲ್ಲಿದೆ. ನಮ್ಮ ಔಷಧ ನಿಯಂತ್ರಣ ಇಲಾಖೆ 'ಉತ್ತಮ ಗುಣಮಟ್ಟದ್ದಲ್ಲ' ಎಂದು ಘೋಷಿಸಿದ ಬ್ಯಾಚ್ ಆಂಧ್ರದ ಆದೋನಿಯಲ್ಲೋ ತೆಲಂಗಾಣದ ಗದ್ವಾಲದಲ್ಲೋ ಅದೇ ದಿನ ಕಪಾಟಿನಿಂದ ಇಳಿಯುವ ಏರ್ಪಾಡನ್ನು ಅವರು ಕಂಡಿಲ್ಲ. ರಾಯಚೂರು, ಬಳ್ಳಾರಿ, ಕರ್ನೂಲು, ಅನಂತಪುರ, ಗದ್ವಾಲ ಜಿಲ್ಲೆಗಳ ಔಷಧ ಪರಿವೀಕ್ಷಕರು ತಿಂಗಳಿಗೊಮ್ಮೆ ಸೇರಬೇಕು, ಕಳಪೆ ಬ್ಯಾಚ್‌ಗಳ ಪಟ್ಟಿಯನ್ನು ಅಂದಂದೇ ಹಂಚಿಕೊಳ್ಳಬೇಕು, ಅದನ್ನು ಕನ್ನಡದಲ್ಲಿಯೂ ತೆಲುಗಿನಲ್ಲಿಯೂ ಪ್ರತಿ ಮೆಡಿಕಲ್ ಸ್ಟೋರ್ಸ್‌ಗೆ ಮುಟ್ಟಿಸಬೇಕು ಎಂದು ಕೋರುವ ಮನವಿಯನ್ನು ಅಲ್ಲೇ ಕುಳಿತು ಬರೆದೆವು. ಮೂರೂ ರಾಜ್ಯಗಳ ಔಷಧ ನಿಯಂತ್ರಕರಿಗೆ ಅದನ್ನು ಅಂಚೆಯಲ್ಲಿ ಕಳುಹಿಸಿದ್ದೇವೆ.