ಕೊರಿಯಾದ 10ನೇ ನಂಬರ್

ನಮ್ಮ ಬ್ಯಾಚಿನ ಹುಡುಗಿಯರ ವಾಲಿಬಾಲ್ ಟೀಮಿನಲ್ಲಿ ಎಲ್ಲರಿಗೂ ಸ್ಮ್ಯಾಶ್ ಹೊಡೆಯುವುದೇ ಬೇಕಿತ್ತು. ಹಿಂದೆ ನಿಂತು ಎದುರಾಳಿಯ ಸರ್ವೀಸ್ ತಗೊಳ್ಳಿ ಅಂದರೆ ಮುಖ ಸಿಂಡರಿಸುತ್ತಿದ್ದೆವು. ಪಿ.ಟಿ. ಸರ್ ಬೈದರೆ ಒಂದೆರಡು ದಿನ ಸರಿ, ಆಮೇಲೆ ಮತ್ತೆ ಎಲ್ಲರೂ ನೆಟ್ ಹತ್ತಿರ ಹಾಜರ್.

2012ರ ಲಂಡನ್ ಒಲಿಂಪಿಕ್ಸ್ ಆದಮೇಲೆ ಸರ್ ಬೈಯುವುದು ಬಿಟ್ಟು, ಕಂಪ್ಯೂಟರ್ ಲ್ಯಾಬಿನಲ್ಲಿ ಕೂರಿಸಿ ದಕ್ಷಿಣ ಕೊರಿಯಾದ ಮ್ಯಾಚ್ ತೋರಿಸಿದರು. "ಚೆಂಡು ಆಮೇಲೆ ನೋಡಿ. ಮೊದಲು 10ನೇ ನಂಬರಿನ ಕಾಲು ನೋಡಿ" ಅಂದರು.

ಆ 10ನೇ ನಂಬರ್ ಕಿಮ್ ಯೊನ್ ಕ್ಯೊಂಗ್. ಎತ್ತರ 192 ಸೆಂಟಿಮೀಟರ್. ಅಷ್ಟು ಎತ್ತರದವರು ಎದುರಾಳಿ ಸರ್ವೀಸ್ ಹೊಡೆಯುವ ಮೊದಲೇ ಮಂಡಿ ಬಗ್ಗಿಸಿ ಕೂತಂತೆ ನಿಲ್ಲುತ್ತಿದ್ದರು. ಚೆಂಡು ಬಂದ ಕಡೆ ಎರಡು ಸಣ್ಣ ಹೆಜ್ಜೆ, ಎರಡೂ ಕೈ ಜೋಡಿಸಿ ಪಾಸ್. ಚೆಂಡು ಸೆಟ್ಟರ್ (ಸ್ಮ್ಯಾಶಿಗೆ ಚೆಂಡು ಎತ್ತಿಕೊಡುವವರು) ತಲೆ ಮೇಲೆ ಹೋಗುವಷ್ಟರಲ್ಲಿ ಇವರು ಆಗಲೇ ಓಡಿ ಬಂದು ಹಾರಿರುತ್ತಿದ್ದರು. ಪಾಸ್ ಕೊಟ್ಟವರೇ ಸ್ಮ್ಯಾಶ್! ನಮಗೆ ಇದು ಹೊಸದು.

ಈ ಅಭ್ಯಾಸ ಎಲ್ಲಿಂದ ಬಂತು ಅಂತ ಸರ್ ಹೇಳಿದ್ದೇ ನನಗೆ ಜಾಸ್ತಿ ಇಷ್ಟವಾಗಿದ್ದು. ಶಾಲೆಯಲ್ಲಿದ್ದಾಗ ಕಿಮ್ ಕುಳ್ಳಿಯಂತೆ. ಮ್ಯಾಚಿಗಿಂತ ಬೆಂಚಿನಲ್ಲೇ ಹೆಚ್ಚು. ನೆಟ್ ಮೇಲೆ ಕೈ ಹೋಗದಿದ್ದರೆ ಇನ್ನೇನು ಮಾಡೋದು? ಪಾಸು, ಡಿಫೆನ್ಸು ಎಲ್ಲ ಕಲಿತರು. ಹೈಸ್ಕೂಲಿನಲ್ಲಿ ಸರ್ರನೆ 20 ಸೆಂಟಿಮೀಟರಿನಷ್ಟು ಬೆಳೆದರು. ಎತ್ತರ ಬಂದಮೇಲೂ ಕಲಿತದ್ದನ್ನು ಬಿಡಲಿಲ್ಲ.

ಲಂಡನ್ನಿನಲ್ಲಿ ಅವರು ಗಳಿಸಿದ್ದು 207 ಪಾಯಿಂಟ್. ಕೊನೆಗೆ ಚಿನ್ನ ಗೆದ್ದ ಬ್ರೆಜಿಲನ್ನೇ ಕೊರಿಯಾ ಗುಂಪು ಹಂತದಲ್ಲಿ 3-0ಯಿಂದ ಸೋಲಿಸಿತ್ತು. ಆದರೆ ಕಂಚಿನ ಪಂದ್ಯದಲ್ಲಿ ಜಪಾನ್ ಎದುರು ಸೋತು ನಾಲ್ಕನೇ ಸ್ಥಾನ. ಆದರೂ ಟೂರ್ನಿಯ ಅತ್ಯುತ್ತಮ ಆಟಗಾರ್ತಿ ಕಿಮ್ ಅವರೇ! ಪದಕ ಇಲ್ಲದವರಿಗೆ ಆ ಪ್ರಶಸ್ತಿ ಹೇಗೆ ಕೊಟ್ಟರು ಅಂತ ನಮ್ಮಲ್ಲಿ ದೊಡ್ಡ ಜಗಳ. ನಾನು ಕೊಟ್ಟದ್ದೇ ಸರಿ ಅನ್ನುವ ಪಾರ್ಟಿ.

ಕಾಲೇಜು ಮುಗಿದರೂ ಅವರ ಸುದ್ದಿ ಬಿಡಲಿಲ್ಲ. ಟರ್ಕಿಯ ಫೆನರ್‌ಬಾಚೆ ಕ್ಲಬ್ಬಿನಲ್ಲಿ ವರ್ಷಗಟ್ಟಲೆ ಆಡಿದರು. 2014ರ ಇಂಚಿಯಾನ್ ಏಷ್ಯನ್ ಗೇಮ್ಸ್‌ನಲ್ಲಿ ಚಿನ್ನ. ರಿಯೋ ಒಲಿಂಪಿಕ್ಸ್‌ನಲ್ಲಿ ಕ್ವಾರ್ಟರ್ ಫೈನಲ್ಲಿಗೇ ಮುಗಿಯಿತು.

ಟೋಕಿಯೋ ಒಲಿಂಪಿಕ್ಸ್ ಮಾತ್ರ ಮರೆಯೋ ಹಾಗೇ ಇಲ್ಲ. ಕೊರಿಯಾದ ಇಬ್ಬರು ಮುಖ್ಯ ಆಟಗಾರ್ತಿಯರು ತಂಡದಲ್ಲಿರಲಿಲ್ಲ. ಕೋವಿಡ್‌ನಿಂದ ಗ್ಯಾಲರಿ ಖಾಲಿ. ಡೊಮಿನಿಕನ್ ರಿಪಬ್ಲಿಕ್ ಜೊತೆಗಿನ ಮ್ಯಾಚಿನ ಟೈಮ್‌ಔಟ್‌ನಲ್ಲಿ, ಪ್ರಯತ್ನ ಮಾಡೋಣ, ಆಮೇಲೆ ಕೊರಗೋದು ಬೇಡ ಅಂತ ಕಿಮ್ ಕೂಗಿದ್ದು ಮೈಕಿನಲ್ಲಿ ಕೇಳಿಸಿತ್ತು. ಆ ಮ್ಯಾಚ್ ಗೆದ್ದರು. ಮುಂದಿನದು ಜಪಾನ್, 2021ರ ಜುಲೈ 31. ಐದನೇ ಸೆಟ್ಟಿನಲ್ಲಿ 12-14. ಜಪಾನಿಗೆ ಒಂದೇ ಪಾಯಿಂಟ್ ಬೇಕು. ನಮ್ಮ ವಾಟ್ಸಾಪ್ ಗುಂಪಿನಲ್ಲಿ ಒಬ್ಬಳು ಆಗಲೇ ಅಳುವ ಮುಖ ಹಾಕಿಯಾಗಿತ್ತು. ಅಲ್ಲಿಂದ ಸತತ ನಾಲ್ಕು ಪಾಯಿಂಟ್, 16-14! ಕಿಮ್ ಹೆಸರಿಗೆ ಆ ದಿನ 30 ಪಾಯಿಂಟ್. ಆದರೆ ಕೊನೆಯ ಹೊಡೆತ ಅವರದ್ದಲ್ಲ, ಸಹ ಆಟಗಾರ್ತಿ ಪಾರ್ಕ್ ಜೊಂಗ್-ಆ ಅವರದ್ದು. ಎದುರಾಳಿಗಳ ಕಣ್ಣೆಲ್ಲ ಕಿಮ್ ಮೇಲೇ ಇದ್ದರೆ ಇನ್ನೊಬ್ಬರಿಗೆ ದಾರಿ ಸಿಗುತ್ತೆ, ಅಲ್ವಾ?

ಕ್ವಾರ್ಟರ್ ಫೈನಲ್ಲಿನಲ್ಲಿ ಟರ್ಕಿಯನ್ನೂ ಐದು ಸೆಟ್ಟಿನಲ್ಲಿ ಸೋಲಿಸಿದರು. ಆಮೇಲೆ ಬ್ರೆಜಿಲ್, ಸರ್ಬಿಯಾ ಎದುರು ಸೋಲು. ಮತ್ತೆ ನಾಲ್ಕನೇ ಸ್ಥಾನ. ಆ ಆಗಸ್ಟ್‌ನಲ್ಲೇ ಅವರು ರಾಷ್ಟ್ರೀಯ ತಂಡ ಬಿಟ್ಟರು. ಕ್ಲಬ್ ಆಟ ಮುಂದುವರಿಸಿ, 2025ರಲ್ಲಿ ಹುಂಗುಕ್ ಲೈಫ್ ತಂಡಕ್ಕೆ ಕೊರಿಯಾ ಲೀಗ್ ಗೆಲ್ಲಿಸಿಕೊಟ್ಟು, 37ನೇ ವಯಸ್ಸಿನಲ್ಲಿ ನಿವೃತ್ತರಾದರು. ಆ ಫೈನಲ್ಲಿನ ಅತ್ಯುತ್ತಮ ಆಟಗಾರ್ತಿಯೂ ಅವರೇ. ಈ ಸಲ ಗುಂಪಿನಲ್ಲಿ ಯಾರೂ ತಕರಾರು ಎತ್ತಲಿಲ್ಲ.