ಎವೆಯಿಕ್ಕದವರು

2025 ಜುಲೈ 20, ಭಾನುವಾರ
ಹಾಸನ

ನಿನ್ನೆ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ. ಕಾರಣವನ್ನು ಬರೆಯಲು ಐವತ್ತು ದಾಟಿದ ನನಗೆ ತುಸು ಸಂಕೋಚವೇ ಆಗುತ್ತದೆ. ಟಿ.ವಿ.ಯ ಒಂದು ಕಂತನ್ನು ನೋಡಿ ಹೆದರಿದ್ದೇನೆ. ಅದೂ ರಕ್ತ, ಚೀತ್ಕಾರ, ಬಿಳಿ ಸೀರೆ, ಗೆಜ್ಜೆಯ ಸದ್ದು ಯಾವುದೂ ಇಲ್ಲದ ಕಂತು.

ಅಕ್ಕನ ಮಗ ಬೆಂಗಳೂರಿನಿಂದ ಬಂದು ಮೂರು ದಿನವಾಯಿತು. ಆಷಾಢದ ಮಳೆ ಬಿಡುವು ಕೊಡದೆ ಹಿಡಿದುಕೊಂಡದ್ದರಿಂದ ಬೇಲೂರು, ಸಕಲೇಶಪುರ ಎಂದು ಅವನು ಹಾಕಿಕೊಂಡಿದ್ದ ತಿರುಗಾಟವೆಲ್ಲ ನಿಂತುಹೋಗಿದೆ. ನಿನ್ನೆ ಊಟವಾದ ಮೇಲೆ ತನ್ನ ಲ್ಯಾಪ್‌ಟಾಪನ್ನು ನಮ್ಮ ಟಿ.ವಿ.ಗೆ ಜೋಡಿಸಿ, "ಚಿಕ್ಕಮ್ಮ, ಇದೊಂದು ನೋಡು, ಮುಕ್ಕಾಲು ಗಂಟೆ ಅಷ್ಟೆ" ಎಂದ. ಬಿ.ಬಿ.ಸಿ. 1963ರಲ್ಲಿ ಆರಂಭಿಸಿದ 'ಡಾಕ್ಟರ್ ಹೂ' ಧಾರಾವಾಹಿಯ 'ಬ್ಲಿಂಕ್' ಎಂಬ ಕಂತು ಅದು. 2007ರ ಜೂನ್ 9ರಂದು ಪ್ರಸಾರವಾಗಿ, ಮರುವರ್ಷ ಹ್ಯೂಗೋ ಪ್ರಶಸ್ತಿ ಪಡೆದದ್ದು. ಹಿಂದಿನ ಕಥೆ ಗೊತ್ತಿಲ್ಲದಿದ್ದರೂ ನಡೆಯುತ್ತದೆ, ಏಕೆಂದರೆ ಕಾಲದಲ್ಲಿ ಸಂಚರಿಸುವ ಆ ಡಾಕ್ಟರನೇ ಇದರಲ್ಲಿ ಕೆಲವು ನಿಮಿಷ ಮಾತ್ರ ಕಾಣಿಸುತ್ತಾನೆ. ಕಥೆಯನ್ನು ಹೊರುವವಳು ಸ್ಯಾಲಿ ಸ್ಪ್ಯಾರೋ ಎಂಬ ಹುಡುಗಿ.

ಪಾಳುಬಿದ್ದ ಮನೆಯೊಂದಕ್ಕೆ ಹೋದ ಸ್ಯಾಲಿ, ಗೋಡೆಗೆ ಅಂಟಿಸಿದ ಹಳೆಯ ಕಾಗದವನ್ನು ಕಿತ್ತಾಗ ಅದರಡಿಯಲ್ಲಿ ಅವಳ ಹೆಸರನ್ನೇ ಹಿಡಿದು ಬರೆದ ಎಚ್ಚರಿಕೆಯಿರುತ್ತದೆ; ಬರೆದ ಇಸವಿ 1969. ಆ ಮನೆಯಲ್ಲಿ ಕೈಗಳಿಂದ ಮುಖ ಮುಚ್ಚಿಕೊಂಡು ಅಳುತ್ತಿರುವಂತೆ ಕಾಣುವ, ರೆಕ್ಕೆಯುಳ್ಳ ಕಲ್ಲಿನ ಪ್ರತಿಮೆಗಳಿವೆ. ಯಾರಾದರೂ ನೋಡುತ್ತಿರುವಷ್ಟು ಹೊತ್ತು ಅವು ಕಲ್ಲು. ನೋಟ ತಪ್ಪಿದ ಕ್ಷಣದಲ್ಲಿ, ಕೇವಲ ಎವೆಯಿಕ್ಕುವಷ್ಟರಲ್ಲಿ, ಅವು ಒಂದು ಮಾರು ಹತ್ತಿರ ಬಂದಿರುತ್ತವೆ. ಮುಟ್ಟಿದರೆ ಕೊಲ್ಲುವುದಿಲ್ಲ, ಮುಟ್ಟಿಸಿಕೊಂಡವರನ್ನು ಹಿಂದಿನ ಕಾಲಕ್ಕೆ ತಳ್ಳಿ, ಅವರು ಇಲ್ಲಿ ಬದುಕಬೇಕಾಗಿದ್ದ ದಿನಗಳನ್ನು ತಾವು ತಿನ್ನುತ್ತವೆ.

ನನಗೆ ಹೆಚ್ಚು ನಾಟಿದ್ದು ಈ ತಿನ್ನುವಿಕೆಯೇ. ಗೆಳತಿ ಕ್ಯಾಥಿ ಪಕ್ಕದ ಕೋಣೆಯಲ್ಲಿ ಮಾಯವಾಗುವುದಕ್ಕೂ, ಬಾಗಿಲಲ್ಲಿ ನಿಂತ ಅಪರಿಚಿತ ತನ್ನ ಅಜ್ಜಿ ಕೊಟ್ಟ ಪತ್ರವೆಂದು ಕ್ಯಾಥಿಯದೇ ಕಾಗದವನ್ನು ಸ್ಯಾಲಿಯ ಕೈಗಿಡುವುದಕ್ಕೂ ಹೆಚ್ಚು ಅಂತರವಿಲ್ಲ. ಬಿಲ್ಲಿ ಎಂಬ ತರುಣ ಪೊಲೀಸ್ ಅಧಿಕಾರಿಯ ಪಾಡಂತೂ ಇನ್ನೂ ಕಠಿಣ. ಸ್ಯಾಲಿಯೊಡನೆ ಸಲುಗೆಯಿಂದ ಮಾತನಾಡಿ ಅವಳ ಫೋನ್ ನಂಬರ್ ಪಡೆದವನು, ಅದೇ ದಿನ ಅವಳಿಗೆ ಫೋನ್ ಮಾಡುವಾಗ ಆಸ್ಪತ್ರೆಯ ಹಾಸಿಗೆ ಹಿಡಿದ ಮುದುಕನಾಗಿರುತ್ತಾನೆ. 1969ಕ್ಕೆ ಬಿದ್ದವನು ಬಳಸುದಾರಿ ಹಿಡಿದು, ಒಂದೊಂದೇ ವರ್ಷ ಬದುಕಿ, ಅದೇ ಮಳೆಯ ದಿನಕ್ಕೆ ಬಂದು ತಲುಪಿದ್ದಾನೆ. ಮಳೆ ನಿಲ್ಲುವ ತನಕ ಮಾತ್ರ ತನ್ನ ಆಯುಸ್ಸು ಎಂದು ಅವನಿಗೆ ಗೊತ್ತು. ಅವನು ಹಾಸನದಲ್ಲಿ ಮಲಗಿದ್ದರೆ ಆವಣಿಯವರೆಗಾದರೂ ಬದುಕುತ್ತಿದ್ದ ಎಂದು ನಾನು ಹೇಳಿದಾಗ ಹುಡುಗ ನಗಲಿಲ್ಲ.

ಇನ್ನು ಕಾಲು ಗಂಟೆ ಉಳಿದಿರುವಾಗ ಕರೆಂಟು ಹೋಯಿತು. ಟಿ.ವಿ. ಆರಿತು, ಲ್ಯಾಪ್‌ಟಾಪ್ ಮಾತ್ರ ಬ್ಯಾಟರಿಯಲ್ಲಿ ಓಡುತ್ತಿತ್ತು. ಅದನ್ನು ಸ್ಟೂಲಿನ ಮೇಲಿಟ್ಟುಕೊಂಡು ಮುಂದುವರಿಸಿದೆವು. ಆ ನೀಲಿ ಬೆಳಕು ಹಿಂದಿನ ಶೋಕೇಸಿನ ಗಾಜಿನ ಮೇಲೆ ಬೀಳುತ್ತಿತ್ತು. ಗಾಜಿನ ಹಿಂದೆ, ಎಷ್ಟೋ ವರ್ಷದ ಹಿಂದೆ ಬೇಲೂರಿನಲ್ಲಿ ಕೊಂಡ ಬಳಪದ ಕಲ್ಲಿನ ದರ್ಪಣಸುಂದರಿ ನಿಂತಿದ್ದಳು. ತೆರೆಯ ಮೇಲೂ ಆಗ ನೆಲಮಾಳಿಗೆಯ ದೀಪ ಮಿನುಗಿ ಆರುತ್ತಿತ್ತು, ಕತ್ತಲಾದಾಗಲೆಲ್ಲ ಪ್ರತಿಮೆಗಳು ಮುಂದೆ ಬರುತ್ತಿದ್ದವು. ನಾನು ಮೂರು ಸಲ ಹಿಂದಿರುಗಿ ಶೋಕೇಸನ್ನು ನೋಡಿದೆ. ಮೂರನೆಯ ಸಲ ಅತ್ತೆಯೂ ನೋಡಿದರು. ಅವರಿಗೆ ಇಂಗ್ಲಿಷ್ ಬಾರದು, ಆದರೆ ಕಥೆ ಅರ್ಥವಾಗಿತ್ತು. "ಭಿನ್ನವಾದ ವಿಗ್ರಹ ಮನೇಲಿ ಇಟ್ಕೋಬಾರದು ಅಂತ ಹೇಳಿದ್ದೆ, ಕೇಳಿದೆಯಾ?" ಎಂದರು. ಮನೆ ಬದಲಿಸುವಾಗ ಆ ಗೊಂಬೆಯ ಕೈಯಲ್ಲಿದ್ದ ಕನ್ನಡಿ ಮುರಿದಿತ್ತು. ಅದು ಪೂಜೆಯ ವಿಗ್ರಹವಲ್ಲ ಎಂದು ನಾನು ಆಗಲೂ ವಾದಿಸಿದ್ದೆ.

ಹಾಸನದವರಾದ ನಮಗೆ ಈ ಕಂತು ಬೇರೆಯವರಿಗಿಂತ ಹೆಚ್ಚು ಹತ್ತಿರ ಎನ್ನಿಸುತ್ತದೆ. ಮನೆಗೆ ನೆಂಟರು ಬಂದಾಗಲೆಲ್ಲ ಅವರನ್ನು ಬೇಲೂರಿಗೆ ಕರೆದೊಯ್ದು, 1117ರಲ್ಲಿ ವಿಷ್ಣುವರ್ಧನ ಕಟ್ಟಿಸಿದ ಆ ಗುಡಿಯ ಮದನಿಕೆಯರ ಕೆಳಗೆ ನಿಲ್ಲಿಸಿ, "ಈಗಲೋ ಆಗಲೋ ಇಳಿದು ಬರುವ ಹಾಗಿದ್ದಾಳೆ ನೋಡಿ" ಎಂದು ನಾವು ಹೊಗಳುತ್ತೇವೆ. ಒಳಗಿನ ಮದನಿಕೆಯೊಬ್ಬಳ ಕೈಬಳೆ ಅಲುಗುತ್ತದೆಂದು ಗೈಡುಗಳು ಹೇಳಿದಾಗ ಬಾಯ್ದೆರೆದು ಕೇಳುತ್ತೇವೆ. ಕಲ್ಲಿಗೆ ಜೀವ ಬಂದಂತಿದೆ ಎಂಬುದಕ್ಕಿಂತ ದೊಡ್ಡ ಮೆಚ್ಚುಗೆಯ ಮಾತು ನಮ್ಮಲ್ಲಿಲ್ಲ. ಈ ಕಂತಿನ ಲೇಖಕ ಸ್ಟೀವನ್ ಮೊಫಾಟ್ ಅದೇ ಮಾತನ್ನು ಅಕ್ಷರಶಃ ನಿಜ ಮಾಡಿ ತೋರಿಸಿದ್ದಾರೆ. ಇಳಿದು ಬಂದರೆ ಏನಾಗಬಹುದೆಂದು ನಾನು ಇಷ್ಟು ವರ್ಷ ಯೋಚಿಸಿಯೇ ಇರಲಿಲ್ಲ.

ಅಥವಾ ನಮ್ಮ ಹಿರಿಯರು ಯೋಚಿಸಿದ್ದರೋ ಏನೋ. ವಿಗ್ರಹವನ್ನು ಕೆತ್ತಿದ ಮೇಲೆ ಕೊನೆಗೆ ಕಣ್ಣು ತೆರೆಸುವ ನೇತ್ರೋನ್ಮೀಲನದಲ್ಲಿ, ಮೊದಲ ನೋಟ ಮನುಷ್ಯರ ಮೇಲೆ ಬೀಳದಂತೆ ಎದುರಿಗೆ ಕನ್ನಡಿ ಹಿಡಿಯುವ ಪದ್ಧತಿಯಿದೆ. ಕಂತಿನ ಕೊನೆಯಲ್ಲಿ ಆ ಪ್ರತಿಮೆಗಳು ಸೋಲುವುದೂ ಹಾಗೆಯೇ: ನಾಲ್ಕೂ ಒಂದನ್ನೊಂದು ನೋಡಿಕೊಳ್ಳುವಂತಾಗಿ, ತಮ್ಮ ನೋಟಕ್ಕೆ ತಾವೇ ಸಿಕ್ಕಿ ಕಲ್ಲಾಗಿ ಉಳಿಯುತ್ತವೆ. ಅವು ಮುಖ ಮುಚ್ಚಿಕೊಂಡಿದ್ದದ್ದು ಅಳುವಿಗಲ್ಲ, ಈ ಭಯಕ್ಕೆ.

ಮನುಷ್ಯ ಸಾಮಾನ್ಯವಾಗಿ ನಿಮಿಷಕ್ಕೆ 15ರಿಂದ 20 ಸಲ ಎವೆಯಿಕ್ಕುತ್ತಾನೆ. ತೆರೆಯನ್ನು ದಿಟ್ಟಿಸುವಾಗ ಅದು ಕಡಿಮೆಯಾಗುತ್ತದೆ ಎಂದಿಟ್ಟುಕೊಂಡರೂ ಈ ಕಂತು ಮುಗಿಯುವಷ್ಟರಲ್ಲಿ ನಾನು ನೂರಾರು ಸಲ ಸತ್ತಿರಬೇಕು. ದೇವತೆಗಳಿಗೆ ಈ ತೊಂದರೆಯಿಲ್ಲ, ಅವರು ಅನಿಮಿಷರು. ಸ್ವಯಂವರದಲ್ಲಿ ನಳನ ರೂಪ ತೊಟ್ಟು ಬಂದ ನಾಲ್ವರು ದೇವತೆಗಳ ನಡುವೆ ದಮಯಂತಿ ತನ್ನವನನ್ನು ಗುರುತಿಸಿದ್ದು ಅವನೊಬ್ಬನೇ ಬೆವರಿದ್ದ, ಅವನೊಬ್ಬನೇ ಎವೆಯಿಕ್ಕಿದ ಎಂಬುದರಿಂದ. ರಾತ್ರಿ ಒಂದು ಗಂಟೆಗೆ ಮಗ್ಗುಲು ಬದಲಿಸುತ್ತ ನಾನು ದಮಯಂತಿಯನ್ನು ನೆನೆದು ಧೈರ್ಯ ತಂದುಕೊಳ್ಳಲು ನೋಡಿದೆ, ಫಲಿಸಲಿಲ್ಲ. ಏಕೆಂದರೆ ಹುಡುಗ ಮಲಗುವ ಮುನ್ನ ಒಂದು ಮಾತು ಹೇಳಿ ಹೋಗಿದ್ದ. ಕಂತಿನಲ್ಲಿ ಯಾವ ಪಾತ್ರವೂ ನೋಡದಿರುವಾಗಲೂ ಆ ಪ್ರತಿಮೆಗಳು ನಮ್ಮ ಕಣ್ಣೆದುರು ಚಲಿಸುವುದೇ ಇಲ್ಲವಂತೆ. ನೋಡುಗರಾದ ನಾವೇ ಅವನ್ನು ಹಿಡಿದು ನಿಲ್ಲಿಸಿರುತ್ತೇವಂತೆ. ನೀರು ಕುಡಿಯಲು ಎದ್ದವಳು ಶೋಕೇಸಿನ ಮೇಲಿನ ಕಣ್ಣು ಕೀಳದೆ ಹಿಂದೆ ಹಿಂದೆ ನಡೆದು, ಸ್ಟೂಲು ಎಡವಿ, ಹಿಮ್ಮಡಿ ತರಚಿಕೊಂಡೆ.

ಬೆಳಿಗ್ಗೆ ಕಾಫಿಯ ಹೊತ್ತಿಗೆ ಹುಡುಗ ಸಮಾಧಾನ ಹೇಳಿದ. "ದರ್ಪಣಸುಂದರಿ ಏನೂ ಮಾಡಲ್ಲ ಚಿಕ್ಕಮ್ಮ, ಅವಳು ಯಾವಾಗಲೂ ತನ್ನನ್ನೇ ನೋಡ್ಕೊಂಡಿರ್ತಾಳಲ್ಲ." ಅತ್ತೆ ಲೋಟ ಕೆಳಗಿಡದೆಯೇ, "ಎಲ್ಲಿ ನೋಡ್ಕೋತಾಳೆ? ಕನ್ನಡಿ ಮುರಿದು ಹೋಗಿದೆಯಲ್ಲ" ಎಂದರು.

ಮಧ್ಯಾಹ್ನ ಅಟ್ಟದ ಮೇಲಿದ್ದ ಹಳೆಯ ಬಿಸ್ಕತ್ತಿನ ಡಬ್ಬಿಯಲ್ಲಿ ಹುಡುಕಿದಾಗ ಗುಂಡಿ, ಸೂಜಿಗಳ ನಡುವೆ ಆ ಕಲ್ಲಿನ ಕನ್ನಡಿ ಸಿಕ್ಕಿತು. ಅಂಟು ಹಚ್ಚಿ ಕೈಗೆ ಕೂರಿಸಿ, ಜಾರದಂತೆ ದಾರ ಸುತ್ತಿದ್ದೇನೆ. ಪೂರ್ತಿ ಗಟ್ಟಿಯಾಗಲು 24 ಗಂಟೆ ಬೇಕೆಂದು ಅಂಟಿನ ಟ್ಯೂಬಿನ ಮೇಲೆ ಬರೆದಿದೆ. ಈಗ ರಾತ್ರಿ ಒಂಬತ್ತೂವರೆ, ಮಳೆ ನಿಂತಿಲ್ಲ.